ಸ್ಕ್ಯಾನ್ ವರದಿಯ ‘ತೀವ್ರತೆ’ಗೆ ಬೇರೆ ಪದ ಬೇಕಿದೆ

ಸಿಟಿ, ಎಂಆರ್ (ಎಂಆರ್‌ಐ) ಸ್ಕ್ಯಾನ್‌ಗಳ ವರದಿಗಳನ್ನು ರೋಗಿಯ ಮನೆಯವರಿಗೆ ಕನ್ನಡದಲ್ಲಿ ವಿವರಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಾಂಪ್ಲಿಕೇಶನ್‌ಗೆ ‘ತೊಡಕು’ ಎಂದೇ ಬಳಸಿದ್ದೇನೆ. ಆಯುರ್ವೇದದ ‘ಉಪದ್ರವ’ ಅರ್ಥಕ್ಕೆ ಸರಿಹೊಂದಿದರೂ ಆಡುಮಾತಿನಲ್ಲಿ ಅದು ಕಿರುಕುಳವಾಗಿಬಿಟ್ಟಿದೆ. ‘ಅಡ್ಡಪರಿಣಾಮ’ ಔಷಧಕ್ಕೆ ಸೇರಿದ್ದು. ಆದರೆ ಅಪರೂಪದ ತೊಡಕುಗಳನ್ನು ಚಿತ್ರದಲ್ಲಿ ಗುರುತಿಸುವ ಭಾಗಕ್ಕೆ ಬಂದಾಗ ಕೆಲವು ಪದಗಳು ಮುಂದೆ ಹೋಗಲು ಬಿಡುತ್ತಿಲ್ಲ. ಬಲ್ಲವರು ತಿಳಿಸಬೇಕು.

ಎಲ್ಲಕ್ಕಿಂತ ಕಾಡುತ್ತಿರುವುದು ಎಂಆರ್ ವರದಿಯ ‘ಹೈಪರ್‌ಇಂಟೆನ್ಸ್’. ಇಂಟೆನ್ಸಿಟಿಗೆ ಭೌತಶಾಸ್ತ್ರದ ಪಠ್ಯಗಳಲ್ಲಿ ‘ತೀವ್ರತೆ’ ನೆಲೆಯೂರಿದೆ. ಬೆಳಕಿನ ತೀವ್ರತೆ ಎಂದರೆ ಯಾರಿಗೂ ಗೊಂದಲವಿಲ್ಲ. ‘ಮಿದುಳಿನ ಹಿಂಭಾಗದಲ್ಲಿ ಅಧಿಕ ತೀವ್ರತೆ ಕಂಡುಬಂದಿದೆ’ ಎಂದು ಬರೆದರೆ ಮಾತ್ರ ಓದಿದವರ ಎದೆ ಧಸಕ್ಕೆನ್ನುತ್ತದೆ. ಕಾಯಿಲೆ ಉಲ್ಬಣಿಸಿದೆ ಎಂದೇ ಅವರು ತಿಳಿಯುತ್ತಾರೆ. ಅಲ್ಲಿಂದ ಬಂದ ಸಂಕೇತ ಸುತ್ತಲಿಗಿಂತ ಪ್ರಬಲವಾಗಿದೆ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತಿದೆ ಎಂಬುದಷ್ಟೇ ಆ ಪದದ ಅರ್ಥ. ಎಂಆರ್‌ನಲ್ಲಿ ಬೇರೆ ಬೇರೆ ಬಗೆಯ ಚಿತ್ರಗಳನ್ನು ತೆಗೆಯುತ್ತಾರೆ; ಟಿ2 ಎಂಬ ಬಗೆಯಲ್ಲಿ ಆರೋಗ್ಯವಂತರ ಮಿದುಳಿನ ಸುತ್ತಲ ದ್ರವವೂ ಬೆಳ್ಳಗೇ ಹೊಳೆಯುತ್ತದೆ. ಟಿ1 ಎಂಬ ಬಗೆಯಲ್ಲಿ ಅದೇ ದ್ರವ ಕಪ್ಪು. ನನ್ನ ಒಲವು ‘ಹೊಳಪಿ’ನ ಕಡೆಗೆ: ಹೆಚ್ಚು ಹೊಳಪಿನ ಭಾಗ, ಮಂದ ಹೊಳಪಿನ ಭಾಗ.

ಸಿಟಿಗೂ ಇದೇ ಸಾಕಲ್ಲ ಎಂದರೆ ಒಪ್ಪಲಾರೆ. ಸಿಟಿಯ ಬಿಳುಪು, ಅಂಗಾಂಶ ಕ್ಷಕಿರಣವನ್ನು ಎಷ್ಟು ತಡೆಯಿತು ಎಂಬುದರ ಅಳತೆ. ಆ ಅಳತೆಗೆ ಬಳಸುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ 0, ಗಾಳಿಗೆ −1000 ಎಂದು ನಿಗದಿಯಾಗಿದೆ. ಸಾಮಾನ್ಯ ಎಂಆರ್ ಚಿತ್ರದ ಹೊಳಪಿಗೆ ಅಂಥ ಸ್ಥಿರ ಮಾನವಿಲ್ಲ. ಸಿಟಿಯಲ್ಲಿ ಸುತ್ತಲಿಗಿಂತ ಬೆಳ್ಳಗೆ ಕಾಣುವ ಭಾಗವನ್ನು ಹೇಳುವ ‘ಹೈಪರ್‌ಡೆನ್ಸ್’ಗೆ ‘ದಟ್ಟ’ ಎನ್ನೋಣವೆಂದರೆ ಕನ್ನಡದ ದಟ್ಟ ಕಪ್ಪಿನ ಕಡೆಗೆ ವಾಲುತ್ತದೆ: ದಟ್ಟ ಮೋಡ, ದಟ್ಟ ಕಾಡು, ದಟ್ಟ ನೀಲಿ. ಸಿಟಿಯಲ್ಲಿ ದಟ್ಟವಾದದ್ದು ಬಿಳಿ! ‘ಸಾಂದ್ರ’ವೂ ಪೂರ್ತಿ ಒಪ್ಪುವುದಿಲ್ಲ. ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲೆಂದು ಚುಚ್ಚುವ ದ್ರವ) ಬೆರೆತ ರಕ್ತ ಬೆಳ್ಳಗಾಗುವುದು ಅದರಲ್ಲಿನ ಅಯೋಡಿನ್ ಕ್ಷಕಿರಣವನ್ನು ಚೆನ್ನಾಗಿ ಹೀರುವುದರಿಂದ. ‘ಕಿರಣತಡೆ ಹೆಚ್ಚಿರುವ ಭಾಗ’ ಎಂದರೆ ಹೇಗೆ?

ಇಷ್ಟೆಲ್ಲ ಏಕೆ, ಬಿಳಿ ಕಲೆ, ಕಪ್ಪು ಕಲೆ ಎಂದರಾಯಿತು ಎನ್ನುವವರು ಈ ಉದಾಹರಣೆ ನೋಡಬೇಕು. ಹೆರಿಗೆಯ ನಂತರ ಅಪರೂಪಕ್ಕೆ ಮಿದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಕಾಂಟ್ರಾಸ್ಟ್ ಕೊಡದೆ ತೆಗೆದ ಸಿಟಿಯಲ್ಲಿ ಹೊಸ ಹೆಪ್ಪು ಬೆಳ್ಳಗೆ ಕಾಣಬಹುದು. ಕಾಂಟ್ರಾಸ್ಟ್ ಕೊಟ್ಟರೆ ಸುತ್ತಲೂ ಬೆಳ್ಳಗಾಗಿ, ಅದೇ ಹೆಪ್ಪು ನಡುವೆ ಕಪ್ಪು ತ್ರಿಕೋನವಾಗಿ ಉಳಿಯುತ್ತದೆ. ಹೆಪ್ಪು ಬದಲಾಗಿಲ್ಲ, ಅದರ ನೆರೆಹೊರೆ ಬದಲಾಯಿತು. ಇದಕ್ಕೆ ‘ಎಂಪ್ಟಿ ಡೆಲ್ಟಾ’ ಎಂಬ ಹೆಸರಿದೆ. ಡೆಲ್ಟಾ ಇಲ್ಲಿ ತ್ರಿಕೋನಾಕಾರದ ಗ್ರೀಕ್ ಅಕ್ಷರ, ನದೀಮುಖವಲ್ಲ. ‘ಖಾಲಿ ತ್ರಿಕೋನ’ ಎಂದರೂ ತಪ್ಪು, ಒಳಗೆ ಹೆಪ್ಪು ತುಂಬಿಕೊಂಡಿದೆಯಲ್ಲ! ಕಾಂಟ್ರಾಸ್ಟ್ ಒಳಹೊಗಲಿಲ್ಲ ಎಂಬುದು ತಿಳಿಯಬೇಕಾದರೆ ‘ತುಂಬದ ತ್ರಿಕೋನ’ ವಾಸಿ. (ಈ ಸಿರೆಗಳ ಹೆಸರಿನಲ್ಲಿ ‘ಸೈನಸ್’ ಇರುವುದರಿಂದ ಓದುಗರು ಮೂಗು, ನೆಗಡಿಯತ್ತ ಹೋಗುತ್ತಾರೆ. ಅಲ್ಲಿ ‘ಹಿರಿಸಿರೆ’ ಎಂದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.)

ಇನ್ನೊಂದು, ‘ಪ್ರೆಸ್’ (ಪೋಸ್ಟೀರಿಯರ್ ರಿವರ್ಸಿಬಲ್ ಎನ್ಸೆಫಲೋಪತಿ ಸಿಂಡ್ರೋಮ್) ಎಂಬ ತೊಡಕಿನ ಹೆಸರಿನಲ್ಲಿರುವ ‘ರಿವರ್ಸಿಬಲ್’, ಅಂದರೆ ವಾಸಿಯಾಗಿ ಮೊದಲಿನಂತಾಗಬಲ್ಲದ್ದು. ರಕ್ತದೊತ್ತಡ ಏಕಾಏಕಿ ಏರಿದಾಗ, ಎಕ್ಲಾಂಪ್ಸಿಯಾದಲ್ಲಿ (ಬಸುರಿ, ಬಾಣಂತಿಯರಲ್ಲಿ ರಕ್ತದೊತ್ತಡ ಏರಿ ಬರುವ ಸೆಳವು), ರೋಗನಿರೋಧ ಶಕ್ತಿ ತಗ್ಗಿಸುವ ಕೆಲವು ಔಷಧಗಳಿಂದ, ಹೆಚ್ಚಾಗಿ ಮಿದುಳಿನ ಹಿಂಭಾಗದಲ್ಲಿ ನೀರು ಸೇರಿ ಊದಿಕೊಳ್ಳುತ್ತದೆ. ಸಿಟಿಯಲ್ಲಿ ಅಷ್ಟಾಗಿ ಕಾಣದಿದ್ದರೂ ಎಂಆರ್‌ನ ಟಿ2, ಫ್ಲೇರ್ ಎಂಬ ಬಗೆಯ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಇದನ್ನು ‘ಮರಳಬಲ್ಲ’ ಎಂದರೆ ಕಾಯಿಲೆ ಮತ್ತೆ ಬರುತ್ತದೆ ಎಂದಾಗುತ್ತದೆ, ಹೇಳಬೇಕಾದ್ದಕ್ಕೆ ಪೂರಾ ತಿರುಗುಮುರುಗು. ‘ಹಿಂತಿರುಗುವ’ದ್ದೂ ಅದೇ ಪಾಡು. ಜ್ವರ ಇಳಿಯಿತು, ಬಾವು ಇಳಿಯಿತು ಎನ್ನುತ್ತೇವಲ್ಲ, ಹಾಗೆ ‘ಇಳಿಯಬಲ್ಲ ಊತ’ ಎಂದು ಬರೆಯಬಹುದೇ? ‘ಇಳಿಯುವ’ ಎನ್ನಲು ಮನಸ್ಸಿಲ್ಲ. ಕೆಲವರಲ್ಲಿ ಹಾನಿ ಉಳಿದುಬಿಡುತ್ತದೆ, ಆದ್ದರಿಂದ ಆ ‘ಬಲ್ಲ’ ಬೇಕೇ ಬೇಕು.