ಎಂಪಿಯು6050: ಅಪ್ಪನ ನಡಿಗೆಯ ಅಂಕಿ ದಿನಕ್ಕೊಂದು ಬರ್ತಿದೆ, ಯಾಕೆ?

ಕಾಳಿದಂಡೆ (ಕಾರವಾರ): ಸಾಕಾಗಿ ಹೋಗಿದೆ. ಮಂಡಿ ಆಪರೇಷನ್ ಆದ ಮೇಲೆ ಅಪ್ಪನ ನಡಿಗೆ ಸುಧಾರಿಸ್ತಿದೆಯಾ ನೋಡ್ಲಿಕ್ಕೆ ಇಎಸ್‌ಪಿ32 ಬೋರ್ಡಿಗೆ ಎಂಪಿಯು6050 ಅನ್ನೋ ಚಲನೆ ಅಳೆಯುವ ಚಿಪ್ ಹಾಕಿದ್ದೇನೆ, 100 ಹರ್ಟ್ಸ್, ಅಂದ್ರೆ ಸೆಕೆಂಡಿಗೆ ನೂರು ರೀಡಿಂಗ್. ಮೇಲೆ-ಕೆಳಗಿನ ಆಕ್ಸಿಲರೇಶನ್‌ನ ಆಟೋಕೋರಿಲೇಶನ್ (ಅಲೆಯನ್ನು ಸ್ವಲ್ಪ ಸ್ವಲ್ಪ ಸರಿಸಿ ಅದರ ಜೊತೆಗೇ ಹೋಲಿಸೋದು, ಪೂರ್ತಿ ಹೊಂದಿದ್ರೆ 1) ತೆಗೆದರೆ ಮೊದಲ ಪೀಕ್ 0.55, ಎರಡನೆಯದು 0.4. ಮರುದಿನ ಇನ್ನೇನೋ. ನಾನೇ ಕಟ್ಟಿಕೊಂಡು ನಡೆದರೂ ಇದೇ ಕಥೆ. ಕೋಡ್ ಸರಿಯೇ ಇದೆ.

ಶಿರಸಿ_ಸೋಲ್ಡರ್: ಎಲ್ಲಿ ಕಟ್ಟಿದ್ದೀರಿ? ಪ್ಯಾಂಟಿನ ಜೇಬಲ್ಲಾದ್ರೆ ಒಂದೇ ಕಾಲಿನ ಸುದ್ದಿ ಸಿಗ್ತದೆ. ಬೆನ್ನಿನ ಬುಡಕ್ಕೆ ಅಗಲ ಇಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು ಕಟ್ಟಿ.

ಕಾಳಿದಂಡೆ: ಅಲ್ಲೇ ಕಟ್ಟಿದ್ದು ಅಣ್ಣ.

ಶಿರಸಿ_ಸೋಲ್ಡರ್: ಯಾವ ಪಟ್ಟಿ? ಲುಂಗಿ ಮೇಲಾದ್ರೆ ಜಾರ್ತದೆ. ನೂರಕ್ಕೆ ನೂರು ಪಟ್ಟಿಯದೇ ಸಮಸ್ಯೆ.

ಅಂಕೋಲಾ_ಆಂಟೆನಾ: ಪಟ್ಟಿ ಬಿಡಿ ಮಾರಾಯ್ರೆ. ಮೊದಲ ಪೀಕ್ ಅಂದ್ರೆ ಎಡ ಹೆಜ್ಜೆಗೂ ಬಲ ಹೆಜ್ಜೆಗೂ ಇರುವ ಹೋಲಿಕೆ. ಎರಡನೆಯದು ಅದೇ ಕಾಲು ಮತ್ತೆ ಊರುವವರೆಗಿನದು. ಕುಂಟುವವರಲ್ಲೂ ಸಾಮಾನ್ಯವಾಗಿ ಎರಡನೆಯದೇ ಜಾಸ್ತಿ. ನಿಮ್ಮದು ಉಲ್ಟಾ, ಅಂದ್ರೆ ಟೈಮಿಂಗ್ ಮೇಲೆ ಅನುಮಾನ. ಎಸ್‌ಡಿ ಕಾರ್ಡಿಗೆ ಬರೆಸ್ತಿದ್ದೀರಾ? ಕಾರ್ಡ್ ಬರೆಯುವಾಗ ತಡವರಿಸಿದ್ರೆ ನಿಮ್ಮ 100 ಹರ್ಟ್ಸ್ ಹೆಸರಿಗೆ ಮಾತ್ರ. ಚಿಪ್ಪಿನಲ್ಲೇ 1024 ಬೈಟ್ ಫೈಫೋ ಇದೆ, ಅಂದ್ರೆ ಓದುವವರೆಗೆ ರೀಡಿಂಗ್ ಸಾಲಾಗಿ ಹಿಡಿದಿಡುವ ಮೆಮೊರಿ. ಆಕ್ಸಿಲರೇಶನ್ ಒಂದೇ ಆದ್ರೆ ಒಂದು ರೀಡಿಂಗ್‌ಗೆ 6 ಬೈಟ್, ಸುಮಾರು 1.7 ಸೆಕೆಂಡ್ ಡೇಟಾ ಹಿಡೀತದೆ. ಮತ್ತೆ, ಮೂ-ನಿಲ್ಸೆನ್ ಮತ್ತು ಹೆಲ್ಬೋಸ್ಟಾಡ್ 2004ರಲ್ಲಿ ಬರೆದ ವಿಧಾನವೇ ತಾನೇ? ಅದರಲ್ಲಿ ಪ್ರತಿ ಲ್ಯಾಗ್‌ಗೆ (ಅಲೆ ಸರಿಸಿದ ಅಂತರಕ್ಕೆ) ಹೋಲಿಸ್ಲಿಕ್ಕೆ ಎಷ್ಟು ಜೋಡಿ ರೀಡಿಂಗ್ ಉಳೀತದೋ ಅಷ್ಟರಿಂದಲೇ ಭಾಗಿಸಬೇಕು.

ಕುಮಟಾ_ಕೋಡರ್: ಇಷ್ಟೆಲ್ಲ ಯಾಕೆ? ಫೋನನ್ನೇ ಸೊಂಟಕ್ಕೆ ಕಟ್ಟಿ, ಫೋನಿನ ಸೆನ್ಸರ್ ಅಂಕಿ ಬರೆದಿಡುವ ಫೈಫಾಕ್ಸ್ ಆಪ್ ಹಾಕಿ. ಮುಗೀತು.

ಶಿರಸಿ_ಸೋಲ್ಡರ್: ಅಷ್ಟು ಭಾರದ ಫೋನ್ ಸೊಂಟದಲ್ಲಿ ತೊನೀತದೆ. ನನ್ನದು ಬಿಎನ್‌ಒ055 ಸೆನ್ಸರ್, 18650 ಬ್ಯಾಟರಿ ಸೆಲ್, ಪೆಟ್ಟಿಗೆ ನಾನೇ ಪ್ರಿಂಟ್ ಮಾಡಿದ್ದು. ಯಾಣ ಹತ್ತಿ ಇಳಿದ್ರೂ ಒಂದು ರೀಡಿಂಗ್ ತಪ್ಪಲಿಲ್ಲ.

ಕುಮಟಾ_ಕೋಡರ್: ಮೆಟ್ಟಿಲು ಹತ್ತಿದ ಡೇಟಾ ಈ ಲೆಕ್ಕಕ್ಕೆ ಬರೋದೇ ಇಲ್ಲ.

ಕಾಳಿದಂಡೆ: ಟೈಮ್ ಕಾಲಂ ಬರೆಸಿ ನೋಡಿದೆ. ನಡುನಡುವೆ 80ರಿಂದ 120 ಮಿಲಿಸೆಕೆಂಡ್ ಖಾಲಿ! ಫೈಫೋ ಹಾಕಿದ ಮೇಲೆ ನನ್ನ ಅಂಕಿ ಎರಡೂ 0.85 ದಾಟಿದೆ. ಅಪ್ಪಂದು ಇನ್ನೂ ಏರುಪೇರು. ಜಗಲಿ ಮೇಲೆ ಆ ತುದಿಯಿಂದ ಈ ತುದಿಗೆ ನಡೀತಾರೆ.

ಅಂಕೋಲಾ_ಆಂಟೆನಾ: ಜಗಲೀಲಾ! ಇದನ್ನ ಮೊದಲೇ ಹೇಳಬೇಡವಾ? ನಾಲ್ಕು ಹೆಜ್ಜೆ ಲಯ ಹಿಡಿಯೋದರೊಳಗೆ ತಿರುಗಬೇಕು. ತಿರುಗುವಾಗ ಹೆಜ್ಜೆ ಗಿಡ್ಡ ಆಗ್ತದೆ, ವೇಗ ಇಳೀತದೆ. ಉದ್ದಕ್ಕೆ, ನೇರಕ್ಕೆ, ಗಟ್ಟಿ ನೆಲದ ಮೇಲೆ ನಡೆಸಿ. ಬೀಚಿಗೆ ಕರ್ಕೊಂಡು ಹೋಗಬೇಡಿ, ಒಣ ಮರಳಲ್ಲಿ ಕಾಲು ಹೂತು ಎಲ್ಲ ಕಲಸಿಹೋಗ್ತದೆ.

ಕಾಳಿದಂಡೆ: ಮನೆ ಎದುರಿನ ಕಾಂಕ್ರೀಟ್ ರಸ್ತೆಯಲ್ಲಿ ನಡೆಸಿದೆ, ಶುರುವಿನ ಮತ್ತು ಕೊನೆಯ ಹೆಜ್ಜೆ ಕತ್ತರಿಸಿದೆ. 0.52, 0.78. ಮರುದಿನವೂ ಹತ್ತಿರ ಹತ್ತಿರ ಅಷ್ಟೇ.

ಅಂಕೋಲಾ_ಆಂಟೆನಾ: ಈಗ ನಂಬಬಹುದು. ಒಂದೊಂದು ಕಾಲೂ ತನ್ನ ಲಯ ಹಿಡಿದಿದೆ, ಎಡಕ್ಕೂ ಬಲಕ್ಕೂ ಮಾತ್ರ ಹೊಂದ್ತಾ ಇಲ್ಲ. ಎರಡರ ಅನುಪಾತ 0.67. ಅದು 1ರ ಕಡೆ ಸರೀತಾ ಬಂದ್ರೆ ಒಳ್ಳೇದು. ಫಿಸಿಯೋ ಅವರಿಗೆ ತೋರಿಸಿ, ನಾವು ಹೇಳಿದ್ದೇ ಕೊನೆ ಅಲ್ಲ.

ಶಿರಸಿ_ಸೋಲ್ಡರ್: ಪಟ್ಟಿ ಯಾವುದು ಅಂತ ಇನ್ನೂ ಹೇಳಲಿಲ್ಲ ನೀವು.

ಕುಮಟಾ_ಕೋಡರ್: ಅಪ್ಪ ಕೋಲು ಹಿಡೀತಾರಾ? ಹಿಡಿದ ದಿನದ್ದನ್ನೂ ಬಿಟ್ಟ ದಿನದ್ದನ್ನೂ ಒಂದೇ ಗ್ರಾಫಿಗೆ ಹಾಕಬೇಡಿ.