37ನೇ ವಯಸ್ಸಿನಲ್ಲಿ ಆಟಿಸಂ ತಪಾಸಣೆ: 18,000 ರೂಪಾಯಿ ಕೊಡುವುದೋ ಬೇಡವೋ?

ಕರಡು ತಿದ್ದುವವಳು, ಬಸವನಗುಡಿ:

ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಒಂದು ಒತ್ತಕ್ಷರ ತಪ್ಪಿದ್ದರೂ ಪುಟ ತೆರೆದ ಕೂಡಲೇ ಕಣ್ಣಿಗೆ ಚುಚ್ಚುತ್ತದೆ. ಎದುರಿಗೆ ಕುಳಿತವರ ಮುಖ ಸಪ್ಪಗಾದದ್ದು ಮಾತ್ರ ಅವರು ಎದ್ದುಹೋದ ಮೇಲೆ, ಅದೂ ಬೇರೆಯವರು ಹೇಳಿದರೆ ಗೊತ್ತಾಗುತ್ತದೆ. ಮದುವೆಗೆ ಹೋದರೆ ಓಲಗ, ಸ್ಟೀಲ್ ಬಕೆಟ್‌ಗಳ ಸದ್ದು, ಮಲ್ಲಿಗೆ ಮತ್ತು ಸಾರಿನ ವಾಸನೆ ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ಛತ್ರದ ಹಿಂದೆ ಎಂಜಲೆಲೆ ರಾಶಿ ಹಾಕುವ ಜಾಗದಲ್ಲಿ ಹೋಗಿ ನಿಲ್ಲುತ್ತೇನೆ. ಮನೆಯವರು ಇದಕ್ಕೆ ಜಂಬ ಎಂದು ಹೆಸರಿಟ್ಟಿದ್ದಾರೆ.

ಹೋದ ವರ್ಷ ಅಕ್ಕನ ಮಗನಿಗೆ ಆಟಿಸಂ (ಬೇರೆಯವರೊಡನೆ ಬೆರೆಯುವ, ಸದ್ದು-ವಾಸನೆ ಗ್ರಹಿಸುವ ರೀತಿ ಎಳವೆಯಿಂದಲೇ ಬೇರೆಯಿರುವ ಸ್ಥಿತಿ) ಇದೆ ಎಂದು ತಿಳಿಯಿತು. ಅವನ ಪ್ರಶ್ನಾವಳಿಯನ್ನು ನಾನು ಓದಿ ಹೇಳುತ್ತಿದ್ದೆ, ಅಕ್ಕ ತುಂಬುತ್ತಿದ್ದಳು. ಅರ್ಧಕ್ಕೆ ಪೆನ್ನು ಕೆಳಗಿಟ್ಟು, "ಇದು ಇವನದೋ ನಿನ್ನದೋ?" ಎಂದಳು.

ಜಯನಗರದ ಖಾಸಗಿ ಕ್ಲಿನಿಕ್ ಒಂದರಲ್ಲಿ ವಿಚಾರಿಸಿದೆ. ಮೊದಲ ಭೇಟಿಗೆ 1,500, ಆಮೇಲೆ ಮೂರು ದಿನದ ತಪಾಸಣೆ ಮತ್ತು ವರದಿಗೆ 18,000 ಎಂದರು. ನನ್ನ ಸಂಬಳ 31,000. ಇನ್ನೊಂದು ಕಡೆ, ದೊಡ್ಡವರನ್ನು ನಾವು ನೋಡುವುದಿಲ್ಲ ಎಂದು ಫೋನ್ ಇಟ್ಟರು. ಮತ್ತೊಬ್ಬ ವೈದ್ಯೆ, "ಕೆಲಸಕ್ಕೆ ಹೋಗುತ್ತಿದ್ದೀರಿ, ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುತ್ತಿದ್ದೀರಿ, ನಿಮಗೆಂಥ ಆಟಿಸಂ?" ಎಂದರು. ನಾನು ನೋಡುತ್ತಿದ್ದದ್ದು ಅವರ ಹಣೆಯ ಬಿಂದಿಯನ್ನು.

ನಿಜವಾಗಿ ಎಷ್ಟು ಖರ್ಚಾಗುತ್ತದೆ, ಒಳಗೆ ಏನು ನಡೆಯುತ್ತದೆ? ತಾಯಿಯನ್ನೂ ಕರೆತರಬೇಕಂತೆ. ಅಮ್ಮನಿಗೆ 68, ಇರುವುದು ಅರಸೀಕೆರೆಯಲ್ಲಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಎಂಬುದು ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆಯ ಹೆಸರೂ ಹೌದು, ಬೈಗುಳವೂ ಹೌದು. ಅಮ್ಮನಿಗೆ ಎರಡನೆಯದು ಮಾತ್ರ ಗೊತ್ತು.

ವಿಜಯನಗರದ ಒಂಟಿ ಸಲಗ:

ನನಗೆ 42. ಎರಡು ವರ್ಷದ ಹಿಂದೆ ಖಾಸಗಿಯಾಗಿ ಮಾಡಿಸಿದೆ. ಎರಡು ಭೇಟಿಗೆ 2,400, ತಪಾಸಣೆಗೆ 14,000, ಊರಿನಿಂದ ಅಮ್ಮನನ್ನು ಕರೆಸಿ ಕಳಿಸಿದ್ದಕ್ಕೆ 950, ಒಟ್ಟು 17,350. ವಿಮೆಯಿಂದ ಬಿಡಿಗಾಸೂ ಬರಲಿಲ್ಲ. ನಿಮ್ಹಾನ್ಸ್‌ನಲ್ಲಿ ಖರ್ಚು ಇದರ ಹತ್ತಿರಕ್ಕೂ ಬರುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ಹೊರರೋಗಿ ವಿಭಾಗದಲ್ಲಿ ಹೆಸರು ಬರೆಸಿ. ಒಂದೇ ದಿನದಲ್ಲಿ ಮುಗಿಯುತ್ತದೆ ಎಂದುಕೊಂಡು ಮಾತ್ರ ಹೋಗಬೇಡಿ.

ರಕ್ತ ಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಎಲ್ಲ ಮಾತು, ಮತ್ತೆ ಮಾತು. ಎಡಿಒಎಸ್-2 ಎಂಬ ತಪಾಸಣೆಯ ನಾಲ್ಕನೆಯ ಭಾಗ ನಮ್ಮಂತೆ ಸರಾಗ ಮಾತನಾಡುವ ದೊಡ್ಡವರಿಗೆ ಇರುವುದು. ಅದರಲ್ಲಿ ಏನು ಕೇಳುತ್ತಾರೆಂದು ಬರೆಯುವುದಿಲ್ಲ. ಓದಿಕೊಂಡು ಹೋದರೆ ಕೊಟ್ಟ ದುಡ್ಡು ದಂಡ. ಅಂತರ್ಜಾಲದ ಎಕ್ಯೂ (50 ಪ್ರಶ್ನೆ), ರಾಡ್ಸ್-ಆರ್ (80 ಪ್ರಶ್ನೆ) ಎಂಬ ಪ್ರಶ್ನಾವಳಿ ತುಂಬಿ ಅಂಕ ಹಿಡಿದುಕೊಂಡು ಹೋಗಬಹುದು, ಆದರೆ ಅದೇ ತೀರ್ಪಲ್ಲ. ಆತಂಕ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇದ್ದವರಿಗೂ ಅಂಕ ಏರುತ್ತದೆ. ಅದನ್ನು ಬಿಡಿಸಿ ನೋಡುವುದಕ್ಕೇ ದುಡ್ಡು ಕೊಡುವುದು. ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿ: ತಪಾಸಣೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ? ದೊಡ್ಡವರನ್ನು ನೋಡಿದ ಅನುಭವವಿದೆಯೇ?

ಅಮ್ಮ ಬೇಕಾಗುವುದು ಏಕೆಂದರೆ, ಲಕ್ಷಣಗಳು ಎಳವೆಯಲ್ಲೇ ಇದ್ದವು ಎಂಬುದು ಖಚಿತವಾಗಬೇಕು. ನಮ್ಮಮ್ಮ ಅಲ್ಲಿ ನನ್ನನ್ನು ಹೊಗಳಲೆಂದೇ ಕುಳಿತರು. "ಇವನಂಥ ಕೂಸು ಉಂಟೇ! ಅಡಕೆ ಹೋಳು ಕೊಟ್ಟರೆ ಸಾಲು ಜೋಡಿಸುತ್ತಾ ಮಧ್ಯಾಹ್ನದವರೆಗೆ ಸದ್ದಿಲ್ಲ. ಸಾಲು ಕದಲಿಸಿದರೆ ಮಾತ್ರ ಊರು ಕೇಳುವ ಹಾಗೆ ಅಳು." ಅವರು ಹೊಗಳಿದ್ದನ್ನೆಲ್ಲ ತಪಾಸಣೆ ಮಾಡುತ್ತಿದ್ದ ಹುಡುಗಿ ಬರೆದುಕೊಂಡಳು. ನಿಮ್ಮ ಅಮ್ಮನನ್ನು "ನಾನು ಬೇರೆ ಥರ ಇದ್ದೆನಾ?" ಎಂದು ಕೇಳಬೇಡಿ. ಏನು ಆಡುತ್ತಿದ್ದೆ ಎಂದು ಕೇಳಿ. ಹಳೆಯ ಅಂಕಪಟ್ಟಿಯಲ್ಲಿ ಮೇಷ್ಟರು ಏನಾದರೂ ಬರೆದಿದ್ದರೆ ಅದನ್ನೂ ಒಯ್ಯಿರಿ.

ನಿವೃತ್ತ, ಮಲ್ಲೇಶ್ವರ:

ನಮ್ಮ ಕಾಲದಲ್ಲಿ ಒಂಟಿ ಸ್ವಭಾವ ಎಂದು ಹೇಳಿ ಸುಮ್ಮನಾಗುತ್ತಿದ್ದೆವು. ಅದಕ್ಕೂ ಹದಿನೆಂಟು ಸಾವಿರದ ಚೀಟಿಯೇ ತಾಯಿ?

ಕಡತ ಪ್ರಿಯ, ಯಲಹಂಕ:

ಯಜಮಾನರೇ, ಸುಮ್ಮನಾದವರು ನೀವು. ಆ ಒಂಟಿ ಸ್ವಭಾವದವರು ಸುಮ್ಮನಿದ್ದರೋ ಇಲ್ಲವೋ ಯಾರು ಕೇಳಿದರು?

ಅಕ್ಕಾ, ಒಂದು ಗೊಂದಲ ಬೇಡ. ತಪಾಸಣೆಯ ವರದಿ ಬೇರೆ, ಸರ್ಕಾರಿ ಪ್ರಮಾಣಪತ್ರ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ. ಪ್ರಮಾಣಪತ್ರ ಬೇಕಾದರೆ ಯುಡಿಐಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅಲ್ಲಿ ಐಎಸ್ಎಎ ಎಂಬ ನಮ್ಮ ದೇಶದ್ದೇ ಮಾಪನ, 40 ಅಂಶಗಳದ್ದು. ಅಂಕ 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ ಎಂದೇ ಲೆಕ್ಕ. ಮೂವತ್ತು ವರ್ಷ ಲಕ್ಷಣಗಳನ್ನು ಮರೆಮಾಚಿಕೊಂಡು ಬದುಕಿದವರು ಆ ಗೆರೆ ಮುಟ್ಟದೆಯೂ ಇರಬಹುದು. ಮುಟ್ಟಿ, ವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದು ಬರೆದುಕೊಟ್ಟರೆ ಮೀಸಲಾತಿಗೆ ಅರ್ಹತೆ, ಹಳೆಯ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಆದಾಯಕ್ಕೆ ತೆರಿಗೆ ವಿನಾಯಿತಿ. ನಿಮ್ಮ ಸಂಬಳಕ್ಕೆ ಹೇಗೂ ತೆರಿಗೆ ಬೀಳುವುದಿಲ್ಲ, ಆ ಆಸೆಗೆ ಓಡಾಡಬೇಡಿ. ನಿಮಗೆ ಬೇಕಾದದ್ದು ಉತ್ತರ ಮಾತ್ರವಾದರೆ ವರದಿ ಸಾಕು. ಅದನ್ನು ಕಚೇರಿಗೆ ತೋರಿಸಬೇಕೆಂದೂ ಇಲ್ಲ.

ಕರಡು ತಿದ್ದುವವಳು, ಬಸವನಗುಡಿ:

ಎಲ್ಲರಿಗೂ ವಂದನೆ, ಮಲ್ಲೇಶ್ವರದ ಹಿರಿಯರಿಗೂ. ಜಯನಗರಕ್ಕೆ ಮತ್ತೆ ಫೋನ್ ಮಾಡಿ, ಅಮ್ಮನ ಜೊತೆ ಕನ್ನಡದಲ್ಲಿ ಮಾತನಾಡುತ್ತೀರಾ ಎಂದು ಕೇಳಿದೆ. ನಮ್ಮವರಿಗೆ ಹಿಂದಿ, ಇಂಗ್ಲಿಷ್ ಬರುತ್ತದೆ, ನೀವೇ ಅನುವಾದಿಸಿ ಎಂದರು. ನನ್ನ ಬಾಲ್ಯವನ್ನು ನಾನೇ ಅನುವಾದ ಮಾಡಿ, ಅದಕ್ಕೆ 18,000 ಕೊಡಬೇಕಂತೆ! ಹಾಗಾಗಿ ಹೊಸೂರು ರಸ್ತೆಯ ನಿಮ್ಹಾನ್ಸೇ ಸರಿ. ಶಾಲೆಗಳು ಶುರುವಾದ ಮೇಲೆ ನಮಗೆ ಕೆಲಸ ಕಡಿಮೆ, ಆಗ ರಜೆ ಹಾಕುತ್ತೇನೆ.

ನಿನ್ನೆ ರಾತ್ರಿ ಅಮ್ಮನನ್ನು, ನಾನು ಏನು ಆಡುತ್ತಿದ್ದೆ ಎಂದು ಕೇಳಿದೆ. "ನೀನೆಲ್ಲಿ ಆಡುತ್ತಿದ್ದೆ? ದಿನಸಿ ಕಟ್ಟಿ ತಂದ ಪೇಪರ್ ಬಿಡಿಸಿ ಓದುತ್ತಾ ಕೂರುತ್ತಿದ್ದೆ. ಕರೆದರೆ ಕಿವುಡಿ" ಎಂದಳು. ಬರಲು ಒಪ್ಪಿದ್ದಾಳೆ. ಆದರೆ ಪಕ್ಕದ ಮನೆಯವರಿಗೆ, ಮಿಂಟೋ ಆಸ್ಪತ್ರೆಗೆ ಕಣ್ಣು ತೋರಿಸಲು ಹೋಗುತ್ತಿದ್ದೇನೆ ಎಂದು ಈಗಾಗಲೇ ಹೇಳಿ ಆಗಿದೆಯಂತೆ.