ತೋಟಕ್ಕಾಗಿ ಕ್ರಿಕೆಟ್ ಬಿಟ್ಟ ಕಾದಂಬರಿ ನಾಯಕಿ: ಅವಳ ಮರಳುವಿಕೆ ನಂಬುವಂತಿದೆಯೇ?

ಪ್ರಶ್ನೆ: ನನ್ನ ಕಾದಂಬರಿಯ ನಾಯಕಿ ವೇಗದ ಬೌಲರ್, ತಂದೆ ಹಾಸಿಗೆ ಹಿಡಿದಾಗ ಆಟವನ್ನೂ ಪ್ರೀತಿಸಿದವನನ್ನೂ ಬಿಟ್ಟು ಮೂಡಿಗೆರೆಯ ಕಾಫಿ ತೋಟಕ್ಕೆ ಮರಳಿದವಳು, 32ನೆಯ ವಯಸ್ಸಿನಲ್ಲಿ, ಆತನೇ ತರಬೇತುದಾರನಾಗಿ ಊರಿಗೆ ಬಂದಾಗ, ಮತ್ತೆ ಚೆಂಡು ಹಿಡಿಯುತ್ತಾಳೆ. ಇದನ್ನು ಓದುಗರು ನಂಬುವರೇ?

ಉತ್ತರ 1: ಕಡೂರಿನ ವೇದಾ ಕೃಷ್ಣಮೂರ್ತಿಯವರು 2017ರ ಮಹಿಳಾ ವಿಶ್ವಕಪ್ ಫೈನಲ್ ಆಡಿದ ಮೇಲೆ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹುಡುಗಿಗೆ ಆ ಕನಸು ದೂರದ್ದೆನ್ನುವಂತಿಲ್ಲ. ಆದರೆ ಇಷ್ಟು ವರ್ಷ ಬಿಟ್ಟ ವೇಗದ ಬೌಲಿಂಗನ್ನು ಬೆನ್ನು, ಮಂಡಿ ಸುಲಭವಾಗಿ ತಾಳುವುದಿಲ್ಲ. ನಿಮ್ಮ ನಾಯಕಿಯನ್ನು ಸ್ಪಿನ್ನರ್ ಮಾಡಿ, ಚೆಂಡಿನ ಹೊಲಿಗೆಯ ಮೇಲೆ ಬೆರಳಿನ ಹಿಡಿತ ಕುದುರುವುದನ್ನು ನಿಧಾನವಾಗಿ ಬರೆಯಿರಿ.

ಉತ್ತರ 2: ನನಗೆ ಪ್ರೀತಿಯದೇ ಚಿಂತೆ. ಕೊಯ್ಲಿನ ಕಾಲದಲ್ಲಿ ಹಣ್ಣು ತೂಗಿಸಿ, ಆಳುಗಳ ಬಟವಾಡೆ ಮುಗಿಸಿ ಬರುವವಳಿಗಾಗಿ ಆತ ಅಭ್ಯಾಸದ ನೆಟ್ಸ್‌ನಲ್ಲಿ ಕಾಯಲಿ. ದಯವಿಟ್ಟು ಅವಳ ತೋಟದ ವರ್ಷಗಳನ್ನು ವ್ಯರ್ಥವೆಂದು ಬರೆಯಬೇಡಿ.